ಇಂಗ್ಲಿಷಿನ ‘ಓನ್ಲಿ’: ಎಲ್ಲಿ ಬಳಸಬೇಕು, ಎಲ್ಲಿ ಬಿಡಬೇಕು

ಇಂಗ್ಲಿಷ್ ಬರವಣಿಗೆಯನ್ನು ಕುರಿತು ಓದುಗರು ಕೇಳುವ ಪ್ರಶ್ನೆಗಳಲ್ಲಿ ‘ಓನ್ಲಿ’ ಎಂಬ ಚಿಕ್ಕ ಪದದ ಸರದಿ ಮತ್ತೆ ಮತ್ತೆ ಬರುತ್ತದೆ. ‘ಐ ಆಮ್ ಹಿಯರ್ ಓನ್ಲಿ’ ಎಂದು ಹೇಳಿದರೆ ತಪ್ಪೇ, ‘ಐ ಓನ್ಲಿ ಹ್ಯಾವ್ ಟೆನ್ ರುಪೀಸ್’ ಸರಿಯೋ ‘ಐ ಹ್ಯಾವ್ ಓನ್ಲಿ ಟೆನ್ ರುಪೀಸ್’ ಸರಿಯೋ, ವಾಕ್ಯದ ಮೊದಲಲ್ಲಿ ‘ಓನ್ಲಿ’ ಬಂದಾಗ ಕ್ರಿಯಾಪದ ಏಕೆ ಮುಂದಕ್ಕೆ ಜಿಗಿಯುತ್ತದೆ ಎಂದು ಪಿಯುಸಿ ವಿದ್ಯಾರ್ಥಿಗಳೂ ಕೇಳುತ್ತಾರೆ, ಕಚೇರಿಯಲ್ಲಿ ಇಮೇಲ್ ಬರೆಯುವವರೂ ಕೇಳುತ್ತಾರೆ, ಶಾಲೆಯಲ್ಲಿ ಪಾಠ ಹೇಳುವವರೂ ಕೇಳುತ್ತಾರೆ. ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದು ಕ್ರಮದಲ್ಲಿ ಇಲ್ಲಿ ವಿವರಿಸಿದ್ದೇನೆ.

ಮೊದಲೇ ಒಂದು ಮಾತು ಸ್ಪಷ್ಟವಾಗಿರಲಿ. ಕನ್ನಡಿಗರು ‘ಓನ್ಲಿ’ಯಲ್ಲಿ ಎಡವುವುದು ಇಂಗ್ಲಿಷ್ ವ್ಯಾಕರಣ ತಿಳಿಯದೆ ಅಲ್ಲ. ನಮ್ಮ ‘ಏ’ ಪ್ರತ್ಯಯ ಎರಡು ಕೆಲಸ ಮಾಡುತ್ತದೆ, ಇಂಗ್ಲಿಷಿನ ‘ಓನ್ಲಿ’ ಅವುಗಳಲ್ಲಿ ಒಂದನ್ನು ಮಾತ್ರ ಮಾಡುತ್ತದೆ. ಶಾಲೆಯ ವ್ಯಾಕರಣದಲ್ಲಿ ಈ ‘ಏ’ಯನ್ನು ಅವಧಾರಣಾರ್ಥಕ ಅವ್ಯಯ ಎಂದು ಕಲಿತಿದ್ದೇವೆ, ಅವಧಾರಣೆ ಎಂದರೆ ಹಲವು ವಸ್ತುಗಳಲ್ಲಿ ಒಂದನ್ನು ನಿಶ್ಚಯಿಸಿ ಒತ್ತಿ ಹೇಳುವುದು. ‘ನಾನೇ’, ‘ಇಲ್ಲೇ’, ‘ನಾಳೆಯೇ’ ಎಂಬ ಪದಗಳಲ್ಲಿ ಕೆಲವೊಮ್ಮೆ ಬರಿಯ ಒತ್ತು ಇರುತ್ತದೆ, ಕೆಲವೊಮ್ಮೆ ಉಳಿದವರನ್ನೆಲ್ಲ ಹೊರಗಿಡುವ ಅರ್ಥವಿರುತ್ತದೆ. ‘ಓನ್ಲಿ’ ಹೊರಗಿಡುವ ಪದ, ಅದರ ಮೂಲದಲ್ಲೇ ‘ಒನ್’, ಅಂದರೆ ಒಂದು, ಎಂಬ ಪದ ಕೂತಿದೆ. ಒತ್ತು ಕೊಡುವ ಕೆಲಸಕ್ಕೆ ಇಂಗ್ಲಿಷ್ ಬೇರೆ ಸಲಕರಣೆಗಳನ್ನು ಇಟ್ಟುಕೊಂಡಿದೆ.

ಬೇಕಾದುದು ಹೆಚ್ಚೇನೂ ಇಲ್ಲ. ನೀವು ಇತ್ತೀಚೆಗೆ ಬರೆದ ಒಂದೆರಡು ಇಂಗ್ಲಿಷ್ ಪತ್ರ ಅಥವಾ ಸಂದೇಶಗಳನ್ನು ಮುಂದಿಟ್ಟುಕೊಳ್ಳಿ, ಅವುಗಳಲ್ಲಿ ಬಂದ ಪ್ರತಿಯೊಂದು ‘ಓನ್ಲಿ’ಗೂ ಪೆನ್ಸಿಲಿನಿಂದ ಗುರುತು ಹಾಕಿ, ಆ ಗುರುತುಗಳನ್ನು ಮುಂದಿನ ಹಂತಗಳ ಮೂಲಕ ಒಂದೊಂದಾಗಿ ಸಾಗಿಸಿ.

ಹಂತ 1: ಮೊದಲು ಕನ್ನಡದಲ್ಲಿ ಪರೀಕ್ಷಿಸಿ

ನಿಮ್ಮ ಮನಸ್ಸಿನಲ್ಲಿರುವ ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಳ್ಳಿ. ಅದರಲ್ಲಿ ‘ಏ’ ಇದ್ದರೆ ಅದನ್ನು ತೆಗೆದು ಆ ಜಾಗದಲ್ಲಿ ‘ಮಾತ್ರ’ ಹಾಕಿ ನೋಡಿ. ಅರ್ಥ ಬದಲಾಗದಿದ್ದರೆ ಇಂಗ್ಲಿಷಿನಲ್ಲಿ ‘ಓನ್ಲಿ’ ಬರಬಹುದು. ಅರ್ಥ ಕೆಟ್ಟರೆ ‘ಓನ್ಲಿ’ಗೆ ಅಲ್ಲಿ ಕೆಲಸವಿಲ್ಲ.

‘ಅವರು ಸಸ್ಯಾಹಾರವನ್ನೇ ತಿನ್ನುತ್ತಾರೆ’ ಎಂಬುದನ್ನು ‘ಸಸ್ಯಾಹಾರ ಮಾತ್ರ ತಿನ್ನುತ್ತಾರೆ’ ಎಂದರೆ ಅರ್ಥ ಹಾಗೇ ಉಳಿಯುತ್ತದೆ. ಆದ್ದರಿಂದ ‘ದೇ ಈಟ್ ಓನ್ಲಿ ವೆಜಿಟೇರಿಯನ್ ಫುಡ್’ ಸರಿ. ಆದರೆ ‘ನಾನು ನಾಳೆಯೇ ಬರುತ್ತೇನೆ’ ಎಂಬುದನ್ನು ‘ನಾಳೆ ಮಾತ್ರ ಬರುತ್ತೇನೆ’ ಎಂದು ಬದಲಿಸಿದರೆ ವಿಷಯವೇ ಬೇರೆಯಾಗುತ್ತದೆ. ಮೊದಲನೆಯದು ತಡಮಾಡುವುದಿಲ್ಲ ಎಂಬ ಭರವಸೆ. ಎರಡನೆಯದು ನಾಳೆ ಬಿಟ್ಟು ಬೇರೆ ದಿನ ಬರುವುದಿಲ್ಲ ಎಂಬ ಷರತ್ತು. ‘ಐ ವಿಲ್ ಕಮ್ ಟುಮಾರೋ ಓನ್ಲಿ’ ಎಂದು ಬರೆದರೆ ಭಾರತದ ಹೊರಗಿನ ಓದುಗರಿಗೆ ಈ ಎರಡನೆಯ ಅರ್ಥವೇ ತಲುಪುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕನ್ನಡದ ‘ಮಾತ್ರ’ ಕೂಡ ಎಲ್ಲ ಕಡೆ ಹೊರಗಿಡುವ ಪದವಲ್ಲ. ‘ಏನೇ ಆಗಲಿ, ನೀನು ಮಾತ್ರ ಅಳಬೇಡ’ ಎಂದಾಗ ಉಳಿದವರು ಅಳಲಿ ಎಂಬ ಅರ್ಥವಿಲ್ಲ. ಅಲ್ಲಿನ ‘ಮಾತ್ರ’ ಕೇಳುವವರನ್ನು ಎತ್ತಿ ತೋರಿಸುತ್ತದೆ, ಅಷ್ಟೇ. ‘ಎಲ್ಲರೂ ಹೋಗಲಿ, ನಾನು ಮಾತ್ರ ಬರುವುದಿಲ್ಲ’ ಎಂಬಲ್ಲಿಯೂ ಹಾಗೆಯೇ. ಅದಕ್ಕೆ ಇಂಗ್ಲಿಷಿನಲ್ಲಿ ‘ಐ, ಫಾರ್ ಒನ್, ಆಮ್ ನಾಟ್ ಗೋಯಿಂಗ್’ ಎನ್ನುವ ರೂಢಿಯಿದೆ. ಆದ್ದರಿಂದ ‘ಮಾತ್ರ’ದ ಪರೀಕ್ಷೆಯ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಈ ವಾಕ್ಯ ಉಳಿದವರ ಬಗ್ಗೆ ಅಥವಾ ಉಳಿದುದರ ಬಗ್ಗೆ ‘ಇಲ್ಲ’ ಎಂದು ಹೇಳುತ್ತಿದೆಯೇ? ಹೌದು ಎಂದಾದರೆ ‘ಓನ್ಲಿ’ಯತ್ತ ಹೋಗಿ.

ಹಂತ 2: ಬರಿಯ ಒತ್ತಿಗೆ ತಕ್ಕ ಪದವನ್ನು ಹುಡುಕಿ

ನೀವು ಗುರುತು ಹಾಕಿದ ‘ಓನ್ಲಿ’ಗಳಲ್ಲಿ ಹಲವು ಮೊದಲ ಹಂತದಲ್ಲೇ ಬಿದ್ದುಹೋಗುತ್ತವೆ. ಅವುಗಳನ್ನು ಸುಮ್ಮನೆ ಅಳಿಸಿದರೆ ಒತ್ತು ಕಳೆದುಹೋಗುತ್ತದೆ ಎಂಬ ಸಂಕಟ ನಿಜ. ಆದರೆ ಇಂಗ್ಲಿಷಿನಲ್ಲಿ ಒಂದೊಂದು ಬಗೆಯ ಒತ್ತಿಗೂ ಒಂದೊಂದು ದಾರಿಯಿದೆ.

ಜಾಗವನ್ನು ಒತ್ತಿ ಹೇಳಲು ‘ರೈಟ್’ ಬಳಸಿ. ‘ಇಲ್ಲೇ ಇದ್ದೇನೆ’ ಎಂಬುದು ‘ಐ ಆಮ್ ರೈಟ್ ಹಿಯರ್’ ಆಗುತ್ತದೆ. ‘ಈಗಲೇ ಮಾಡಿ’ ಎಂಬುದು ‘ಡೂ ಇಟ್ ರೈಟ್ ನೌ’ ಆಗುತ್ತದೆ. ವ್ಯಕ್ತಿಯನ್ನು ಒತ್ತಿ ಹೇಳುವಾಗ ಎರಡು ದಾರಿಗಳಿವೆ: ಯಾರ ನೆರವೂ ಇಲ್ಲದೆ ‘ನಾನೇ ಮಾಡಿದೆ’ ಎನ್ನಬೇಕಾದರೆ ‘ಐ ಡಿಡ್ ಇಟ್ ಮೈಸೆಲ್ಫ್’, ಮಾಡಿದವರು ಯಾರೆಂಬ ಪ್ರಶ್ನೆಗೆ ‘ಮಾಡಿದ್ದು ನಾನೇ’ ಎಂದು ಉತ್ತರಿಸಬೇಕಾದರೆ ‘ಐ ವಾಸ್ ದ ಒನ್ ಹೂ ಡಿಡ್ ಇಟ್’. ‘ಅವರೇ ಹೇಳಿದರು’ ಎಂಬುದಕ್ಕೆ ‘ಇಟ್ ವಾಸ್ ಹಿ ಹೂ ಸೆಡ್ ಸೋ’ ಎಂಬ ರಚನೆಯಿದೆ. ‘ಹಿ ಓನ್ಲಿ ಸೆಡ್ ಸೋ’ ಎಂದು ಬರೆದರೆ ಅವರು ಬಾಯಿಮಾತಿಗೆ ಹೇಳಿದರಷ್ಟೇ, ಮಾಡಲಿಲ್ಲ ಎಂಬ ಅರ್ಥ ಬಂದೀತು. ‘ಅವನು ಇರುವುದೇ ಹಾಗೆ’ ಎನ್ನಲು ‘ದಟ್ಸ್ ಜಸ್ಟ್ ದ ವೇ ಹಿ ಈಸ್’ ಸಾಕು.

ನಿಷೇಧದ ಜೊತೆಗೆ ಬರುವ ‘ಏ’ಗೆ ಬೇರೆಯೇ ಮದ್ದು ಬೇಕು. ‘ನಾನು ನೋಡಲೇ ಇಲ್ಲ’ ಎಂಬುದು ನಮ್ಮ ಬಾಯಲ್ಲಿ ‘ಐ ಡಿಡ್ ನಾಟ್ ಸೀ ಓನ್ಲಿ’ ಆಗಿಬಿಡುತ್ತದೆ. ಈ ವಾಕ್ಯ ಕನ್ನಡ ಬಾರದವರಿಗೆ ಅರ್ಥವಾಗುವುದು ಕಷ್ಟ. ‘ಐ ಡಿಡ್ ನಾಟ್ ಸೀ ಇಟ್ ಅಟ್ ಆಲ್’ ಎಂದು ಬರೆಯಿರಿ. ಒಮ್ಮೆಯೂ ನೋಡಿಲ್ಲ ಎಂಬ ಅರ್ಥ ಬೇಕಾದರೆ ‘ಐ ಹ್ಯಾವ್ ನೆವರ್ ಸೀನ್ ಇಟ್’ ಎನ್ನಿ.

ಇಲ್ಲಿಯೇ ಕೆಲವರು ‘ಓನ್ಲಿ’ಯನ್ನು ಬಿಟ್ಟು ‘ಇಟ್‌ಸೆಲ್ಫ್’ ಹಿಡಿಯುತ್ತಾರೆ: ‘ಐ ವಿಲ್ ಸೆಂಡ್ ಇಟ್ ಟುಡೇ ಇಟ್‌ಸೆಲ್ಫ್’. ಇದು ಕೂಡ ‘ಇವತ್ತೇ’ ಎಂಬುದರ ನೇರ ನೆರಳು. ಭಾರತದೊಳಗೆ ಇದು ಎಲ್ಲರಿಗೂ ಅರ್ಥವಾಗುತ್ತದೆ, ಹೊರಗಿನವರಿಗೆ ವಿಚಿತ್ರವಾಗಿ ಕೇಳಿಸುತ್ತದೆ. ‘ಐ ವಿಲ್ ಸೆಂಡ್ ಇಟ್ ಟುಡೇ’ ಎಂದರೆ ಸಾಕಾಗುತ್ತದೆ. ಗಡುವನ್ನು ಖಚಿತಪಡಿಸಬೇಕಿದ್ದರೆ ‘ಬೈ ದ ಎಂಡ್ ಆಫ್ ದ ಡೇ’ ಎಂದು ಸೇರಿಸಿ.

ನಾವು ನಾವೇ ಮಾತಾಡುವಾಗ ‘ಹಿಯರ್ ಓನ್ಲಿ’ ಎಂದರೆ ಅದರಲ್ಲಿ ನಾಚಿಕೆಪಡುವಂತಹುದು ಏನೂ ಇಲ್ಲ. ಕನ್ನಡ, ತಮಿಳು, ತೆಲುಗು, ಹಿಂದಿ ಹೀಗೆ ಹಲವು ಭಾಷೆಗಳಲ್ಲಿ ಈ ಬಗೆಯ ಒತ್ತುಪದವಿದೆ. ಹಾಗಾಗಿ ಭಾರತೀಯ ಇಂಗ್ಲಿಷಿನಲ್ಲಿ ಈ ಬಳಕೆ ಬೇರೂರಿದೆ, ಭಾಷಾಶಾಸ್ತ್ರಜ್ಞರು ಅದನ್ನು ಗಂಭೀರವಾಗಿ ಅಧ್ಯಯನವನ್ನೂ ಮಾಡಿದ್ದಾರೆ. ಹೀಗೆ ಮಾತಾಡುವವರನ್ನು ನೋಡಿ ನಗುವುದು ಅನ್ಯಾಯ. ನನ್ನ ಕಾಳಜಿ ಇಷ್ಟೇ: ಪರೀಕ್ಷೆಯ ಉತ್ತರಪತ್ರಿಕೆ, ಕರಾರುಪತ್ರ, ಹೊರದೇಶದ ಗ್ರಾಹಕರಿಗೆ ಬರೆಯುವ ಇಮೇಲ್ ಇವುಗಳಲ್ಲಿ ನೀವು ಹೇಳಬಯಸಿದ್ದಕ್ಕಿಂತ ಬೇರೆ ಅರ್ಥ ಹೋಗಬಾರದು.

ಹಂತ 3: ಸಮಯಸೂಚಕ ಪದದ ಪಕ್ಕದ ‘ಓನ್ಲಿ’ಯನ್ನು ಎರಡು ಬಾರಿ ನೋಡಿ

ಇದನ್ನು ಪ್ರತ್ಯೇಕ ಹಂತವಾಗಿ ಇಟ್ಟಿರುವುದಕ್ಕೆ ಕಾರಣವಿದೆ. ಉಳಿದ ಕಡೆ ‘ಓನ್ಲಿ’ ತಪ್ಪಾದರೆ ವಾಕ್ಯ ವಿಚಿತ್ರವಾಗಿ ಕೇಳಿಸುತ್ತದೆ. ಸಮಯದ ಪಕ್ಕದಲ್ಲಿ ತಪ್ಪಾದರೆ ಅರ್ಥ ತಲೆಕೆಳಗಾಗುತ್ತದೆ.

‘ನಾನು ನಿನ್ನೆಯೇ ಕಳಿಸಿದ್ದೇನೆ’ ಎಂದು ಹೇಳುವಾಗ ನಮ್ಮ ಮಾತಿನಲ್ಲಿ ತಡಮಾಡಲಿಲ್ಲ ಎಂಬ ಸಮರ್ಥನೆ ಇದೆ. ಅದನ್ನು ‘ಐ ಸೆಂಟ್ ಇಟ್ ಓನ್ಲಿ ಯೆಸ್ಟರ್ಡೇ’ ಎಂದು ಬರೆದರೆ ಇಂಗ್ಲಿಷಿನಲ್ಲಿ ಅದರ ಅರ್ಥ ‘ನಿನ್ನೆಯಷ್ಟೇ ಕಳಿಸಿದೆ’ ಎಂದಾಗುತ್ತದೆ. ಅಂದರೆ ತಡವಾಯಿತು ಎಂದು ನೀವೇ ಒಪ್ಪಿಕೊಂಡಂತೆ. ಸಮಯದ ಜೊತೆಗಿನ ‘ಓನ್ಲಿ’ ಕನ್ನಡದ ‘ಅಷ್ಟೇ’ಗೆ ಸಮ, ‘ಏ’ಗೆ ಅಲ್ಲ. ನಿಮ್ಮ ಸಮರ್ಥನೆ ಉಳಿಯಬೇಕಾದರೆ ‘ಐ ಸೆಂಟ್ ಇಟ್ ಯೆಸ್ಟರ್ಡೇ’ ಎನ್ನಿ, ಅಥವಾ ದಿನವನ್ನು ಬಿಟ್ಟು ‘ಐ ಹ್ಯಾವ್ ಆಲ್ರೆಡಿ ಸೆಂಟ್ ಇಟ್’ ಎನ್ನಿ. ‘ಆಲ್ರೆಡಿ’ ಎಂಬುದು ‘ಆಗಲೇ’ ಎಂಬುದಕ್ಕೆ ತಕ್ಕ ಪದ. ಆದರೆ ‘ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್ಡೇ’ ಎಂದು ಎರಡನ್ನೂ ಬೆಸೆಯಬೇಡಿ. ಕಳೆದುಹೋದ ನಿರ್ದಿಷ್ಟ ಸಮಯವನ್ನು ಹೇಳಿದಾಗ ‘ಹ್ಯಾವ್’ ಬರುವುದಿಲ್ಲ.

ಗಂಟೆಗಳಲ್ಲಿಯೂ ಇದೇ ಅಪಾಯ. ‘ಅಂಗಡಿ ಆರು ಗಂಟೆಗೇ ತೆರೆಯುತ್ತದೆ’ ಎಂದರೆ ಬೇಗ ತೆರೆಯುತ್ತದೆ ಎಂದರ್ಥ. ‘ದ ಶಾಪ್ ಓಪನ್ಸ್ ಓನ್ಲಿ ಅಟ್ ಸಿಕ್ಸ್’ ಎಂದರೆ ಆರಕ್ಕೆ ಮುಂಚೆ ತೆರೆಯುವುದೇ ಇಲ್ಲ, ತಡ ಎಂದರ್ಥ. ಮೊದಲನೆಯ ಅರ್ಥಕ್ಕೆ ‘ಆಸ್ ಅರ್ಲಿ ಆಸ್ ಸಿಕ್ಸ್’ ಬಳಸಿ. ಎರಡನೆಯ ಅರ್ಥವೇ ಬೇಕಿದ್ದರೂ ‘ದ ಶಾಪ್ ಡಸ್ ನಾಟ್ ಓಪನ್ ಅನ್‌ಟಿಲ್ ಸಿಕ್ಸ್’ ಎನ್ನುವುದು ಹೆಚ್ಚು ಸಹಜ.

ಹಂತ 4: ‘ಓನ್ಲಿ’ ಯಾವ ಪದಕ್ಕೆ ಸೇರಿದ್ದು ಎಂದು ನಿಶ್ಚಯಿಸಿ, ಅದರ ಪಕ್ಕದಲ್ಲಿಡಿ

ಇಷ್ಟು ಹಂತ ದಾಟಿ ಉಳಿದುಕೊಂಡ ‘ಓನ್ಲಿ’ಗಳು ನಿಜವಾದವು. ಇನ್ನು ಅವುಗಳ ಜಾಗದ ಪ್ರಶ್ನೆ. ಕನ್ನಡದಲ್ಲಿ ಈ ತೊಡಕು ಹುಟ್ಟುವುದೇ ಇಲ್ಲ, ಏಕೆಂದರೆ ‘ಏ’ ಪದಕ್ಕೆ ಅಂಟಿಕೊಳ್ಳುತ್ತದೆ, ‘ಮಾತ್ರ’ ಪದದ ಬೆನ್ನಿಗೇ ನಿಲ್ಲುತ್ತದೆ. ಇಂಗ್ಲಿಷಿನ ‘ಓನ್ಲಿ’ ವಾಕ್ಯದೊಳಗೆ ಓಡಾಡುತ್ತದೆ, ಸಾಮಾನ್ಯವಾಗಿ ತಾನು ಸೇರಬೇಕಾದ ಪದದ ಮುಂದೆ ನಿಲ್ಲುತ್ತದೆ. ಕನ್ನಡದಲ್ಲಿ ಹಿಂದೆ ಬರುವುದು ಇಂಗ್ಲಿಷಿನಲ್ಲಿ ಮುಂದೆ ಬರುತ್ತದೆ ಎಂಬ ಈ ವ್ಯತ್ಯಾಸವನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು.

‘ದ ಕ್ಲರ್ಕ್ ಸ್ಟ್ಯಾಂಪ್ಸ್ ಫಾರ್ಮ್ಸ್ ಆನ್ ಮಂಡೇ’ ಎಂಬ ಸಾಧಾರಣ ವಾಕ್ಯವನ್ನು ತೆಗೆದುಕೊಳ್ಳೋಣ. ಗುಮಾಸ್ತರು ಸೋಮವಾರ ಅರ್ಜಿಗಳಿಗೆ ಮುದ್ರೆ ಒತ್ತುತ್ತಾರೆ ಎಂಬುದಷ್ಟೇ ಇದರ ಅರ್ಥ. ಈಗ ‘ಓನ್ಲಿ’ಯನ್ನು ಒಂದೊಂದೇ ಜಾಗಕ್ಕೆ ಸರಿಸಿ ನೋಡಿ.

‘ಓನ್ಲಿ ದ ಕ್ಲರ್ಕ್ ಸ್ಟ್ಯಾಂಪ್ಸ್ ಫಾರ್ಮ್ಸ್ ಆನ್ ಮಂಡೇ’: ಗುಮಾಸ್ತರು ಮಾತ್ರ ಒತ್ತುತ್ತಾರೆ, ಬೇರೆ ಯಾರೂ ಒತ್ತುವುದಿಲ್ಲ.

‘ದ ಓನ್ಲಿ ಕ್ಲರ್ಕ್ ಸ್ಟ್ಯಾಂಪ್ಸ್ ಫಾರ್ಮ್ಸ್ ಆನ್ ಮಂಡೇ’: ಅಲ್ಲಿ ಇರುವವರೇ ಒಬ್ಬ ಗುಮಾಸ್ತರು, ಅವರು ಸೋಮವಾರ ಒತ್ತುತ್ತಾರೆ. ಇಲ್ಲಿ ‘ಓನ್ಲಿ’ ಕ್ರಿಯಾವಿಶೇಷಣವಲ್ಲ, ನಾಮಪದವನ್ನು ಬಣ್ಣಿಸುವ ಗುಣವಾಚಕ.

‘ದ ಕ್ಲರ್ಕ್ ಸ್ಟ್ಯಾಂಪ್ಸ್ ಓನ್ಲಿ ಫಾರ್ಮ್ಸ್ ಆನ್ ಮಂಡೇ’: ಸೋಮವಾರ ಅರ್ಜಿಗಳಿಗೆ ಮಾತ್ರ ಮುದ್ರೆ, ರಸೀದಿ ಮುಂತಾದವಕ್ಕೆ ಇಲ್ಲ.

‘ದ ಕ್ಲರ್ಕ್ ಸ್ಟ್ಯಾಂಪ್ಸ್ ಫಾರ್ಮ್ಸ್ ಓನ್ಲಿ ಆನ್ ಮಂಡೇ’: ಸೋಮವಾರ ಮಾತ್ರ, ಮಂಗಳವಾರ ಹೋದರೆ ಕೆಲಸ ಆಗುವುದಿಲ್ಲ.

ಉಳಿದದ್ದು ‘ದ ಕ್ಲರ್ಕ್ ಓನ್ಲಿ ಸ್ಟ್ಯಾಂಪ್ಸ್ ಫಾರ್ಮ್ಸ್ ಆನ್ ಮಂಡೇ’. ಇದೇ ಹೆಚ್ಚು ತೊಡಕಿನದು. ಮುದ್ರೆ ಒತ್ತುತ್ತಾರಷ್ಟೇ, ಪರಿಶೀಲಿಸುವುದಿಲ್ಲ ಎಂದೂ ಆಗಬಹುದು, ಅರ್ಜಿಗಳಿಗೆ ಮಾತ್ರ ಎಂದೂ ಆಗಬಹುದು, ಸೋಮವಾರ ಮಾತ್ರ ಎಂದೂ ಆಗಬಹುದು. ಮಾತಿನಲ್ಲಿ ಹೇಳುವವರು ‘ಮಂಡೇ’ ಎಂಬ ಪದದ ಮೇಲೆ ದನಿಯೇರಿಸಿದರೆ ಗೊಂದಲ ಕರಗುತ್ತದೆ. ಕಾಗದದ ಮೇಲೆ ದನಿಯಿಲ್ಲ.

ಕ್ರಿಯಾಪದದ ಮುಂದಿನ ಈ ಜಾಗವನ್ನು ಕುರಿತು ಇಂಗ್ಲಿಷರಲ್ಲೇ ಹಳೆಯ ವಾದವಿದೆ. 1762ರಲ್ಲಿ ಇಂಗ್ಲಿಷ್ ವ್ಯಾಕರಣ ಬರೆದ ರಾಬರ್ಟ್ ಲೌತ್ ಅವರು ಕ್ರಿಯಾವಿಶೇಷಣವು ತಾನು ಸೇರುವ ಪದದ ಹತ್ತಿರವೇ ಇರಬೇಕೆಂದು ಹೇಳಿ, ‘ಮೂರು ಮಾತು ಮಾತ್ರ ಆಡಿದೆ’ ಎಂಬರ್ಥದ ವಾಕ್ಯದಲ್ಲಿ ‘ಓನ್ಲಿ’ಯು ‘ಮೂರು’ ಎಂಬುದರ ಪಕ್ಕದಲ್ಲಿರಬೇಕೆಂದು ತಿದ್ದಿದರು. 1926ರಲ್ಲಿ ಪ್ರಕಟವಾದ ತಮ್ಮ ಬಳಕೆಯ ಕೋಶದಲ್ಲಿ ಎಚ್. ಡಬ್ಲ್ಯು. ಫೌಲರ್ ಅವರು ಈ ಕಟ್ಟುನಿಟ್ಟನ್ನು ಒಪ್ಪಲಿಲ್ಲ. ಅರ್ಥಕ್ಕೆ ತೊಂದರೆಯಿಲ್ಲದಿದ್ದರೆ ‘ಓನ್ಲಿ’ ಕ್ರಿಯಾಪದದ ಮುಂದೆ ಬರುವುದು ಇಂಗ್ಲಿಷಿನ ಸಹಜ ಕ್ರಮವೆಂದು ಅವರು ವಾದಿಸಿದರು. ಇಂದಿನ ಮಾತಿನಲ್ಲಿ ಫೌಲರ್ ಅವರ ಪಕ್ಷವೇ ಗೆದ್ದಿದೆ. ‘ಐ ಓನ್ಲಿ ಹ್ಯಾವ್ ಟೆನ್ ರುಪೀಸ್’ ಎಂಬುದು ಪೂರ್ಣವಾಗಿ ಸರಿ, ಅದನ್ನು ತಪ್ಪೆಂದು ತಿದ್ದಿ ಮಕ್ಕಳ ಅಂಕ ಕಳೆಯುವುದು ಸರಿಯಲ್ಲ ಎಂದು ಶಿಕ್ಷಕ ಮಿತ್ರರಲ್ಲಿ ವಿನಂತಿಸುತ್ತೇನೆ. ಆದರೆ ನಿಯಮಾವಳಿ, ಬಾಡಿಗೆ ಕರಾರು, ಔಷಧ ಸೇವಿಸುವ ಸೂಚನೆ, ಅರ್ಹತೆಯ ಷರತ್ತು ಬರೆಯುವಾಗ ಲೌತ್ ಅವರ ದಾರಿಯಲ್ಲೇ ನಡೆಯಿರಿ. ಎರಡು ಅರ್ಥಕ್ಕೆ ಅವಕಾಶವಿರುವ ಕಡೆ ಪಕ್ಕದ ಜಾಗವೇ ಕ್ಷೇಮ.

ಕ್ರಿಯಾಪದದ ಬಳಿ ಇಡುವುದಾದರೆ ಅದಕ್ಕೂ ಒಂದು ಕ್ರಮವಿದೆ. ‘ಆಮ್, ಈಸ್, ಆರ್, ವಾಸ್, ವೇರ್’ ಮುಖ್ಯ ಕ್ರಿಯಾಪದವಾಗಿದ್ದರೆ ಅದರ ನಂತರ ಇಡಿ: ‘ಶಿ ಈಸ್ ಓನ್ಲಿ ಟೆನ್’. ‘ಕ್ಯಾನ್, ವಿಲ್, ಹ್ಯಾವ್’ ಮುಂತಾದ ಸಹಾಯಕ ಕ್ರಿಯಾಪದವಿದ್ದರೆ, ಅಂದರೆ ಮುಖ್ಯ ಕ್ರಿಯಾಪದಕ್ಕೆ ಕಾಲ ಅಥವಾ ಸಾಧ್ಯತೆಯ ಅರ್ಥ ತಂದುಕೊಡುವ ಪದವಿದ್ದರೆ, ಮೊದಲ ಸಹಾಯಕದ ನಂತರ ಇಡಿ: ‘ಐ ಹ್ಯಾವ್ ಓನ್ಲಿ ಮೆಟ್ ಹರ್ ಒನ್ಸ್’. ಬೇರೆ ಕಡೆ ಕ್ರಿಯಾಪದದ ಮುಂದೆ.

ಹಂತ 5: ಪ್ರಮಾಣ ಮತ್ತು ಸ್ಥಾನಮಾನದ ಮುಂದೆ ಬಂದರೆ ಧ್ವನಿಯನ್ನು ಗಮನಿಸಿ

ಸಂಖ್ಯೆಯ ಮುಂದಿನ ‘ಓನ್ಲಿ’ ನಮ್ಮ ‘ಕೇವಲ’ ಅಥವಾ ‘ಬರೀ’ ಎಂಬಂತೆ ಕಡಿಮೆ ಎಂಬ ಭಾವವನ್ನು ತರುತ್ತದೆ. ‘ಇಟ್ ಕಾಸ್ಟ್ಸ್ ಓನ್ಲಿ 500 ರುಪೀಸ್’ ಎಂದರೆ ಅಗ್ಗ ಎಂದು ನೀವು ಹೇಳುತ್ತಿದ್ದೀರಿ. ಚೆಕ್ಕಿನಲ್ಲಿ ಮೊತ್ತದ ಕೊನೆಗೆ ‘ಓನ್ಲಿ’ ಎಂದೋ ‘ಮಾತ್ರ’ ಎಂದೋ ಬರೆಯುವುದು ಬೇರೆ ಉದ್ದೇಶಕ್ಕೆ: ಅಲ್ಲಿಗೆ ಮೊತ್ತ ಮುಗಿಯಿತು, ಮುಂದೆ ಯಾರೂ ಅಕ್ಷರ ಸೇರಿಸಬಾರದು ಎಂಬ ಬೇಲಿ ಅದು. ಆ ಅಭ್ಯಾಸವನ್ನು ಸಾಮಾನ್ಯ ಪತ್ರಕ್ಕೆ ತಂದು ‘ದ ಫೀ ಈಸ್ ಫೈವ್ ಹಂಡ್ರೆಡ್ ರುಪೀಸ್ ಓನ್ಲಿ’ ಎಂದು ಬರೆಯುವ ಅಗತ್ಯವಿಲ್ಲ. ‘ಲೇಡೀಸ್ ಓನ್ಲಿ’ಯಂತಹ ಫಲಕಗಳಲ್ಲಿ ಕೊನೆಯ ಜಾಗ ಸರಿ, ಏಕೆಂದರೆ ಅವು ಪೂರ್ಣ ವಾಕ್ಯಗಳಲ್ಲ.

ಜನರ ಬಗ್ಗೆ ಬರೆಯುವಾಗ ವಿಶೇಷ ಎಚ್ಚರ ಬೇಕು. ‘ಶಿ ಈಸ್ ಓನ್ಲಿ ಎ ನರ್ಸ್’ ಎಂದರೆ ‘ಬರೀ ನರ್ಸು’ ಎಂಬ ತಾತ್ಸಾರ ಬರುತ್ತದೆ. ‘ಅವರು ನರ್ಸೇ’ ಎಂದು ದೃಢಪಡಿಸುವುದಷ್ಟೇ ನಿಮ್ಮ ಉದ್ದೇಶವಾಗಿದ್ದರೂ ಕೇಳುವವರಿಗೆ ನೋವಾಗುತ್ತದೆ. ‘ಆನ್ ಓನ್ಲಿ ಚೈಲ್ಡ್’ ಮತ್ತು ‘ಓನ್ಲಿ ಎ ಚೈಲ್ಡ್’ ಇವುಗಳ ನಡುವಿನ ಅಂತರವೂ ದೊಡ್ಡದು. ಮೊದಲನೆಯದು ಒಡಹುಟ್ಟಿದವರಿಲ್ಲದ ಒಂಟಿ ಮಗು, ಎರಡನೆಯದು ಇನ್ನೂ ಚಿಕ್ಕ ಮಗು, ಪಾಪ, ಎಂಬ ಮಾತು.

ಹಂತ 6: ವಾಕ್ಯದ ಮೊದಲಲ್ಲಿ ಇಟ್ಟರೆ ಪದಕ್ರಮ ಬದಲಿಸಿ

‘ಓನ್ಲಿ’ ವಾಕ್ಯದ ಆರಂಭದಲ್ಲಿ ಸಮಯ, ರೀತಿ ಅಥವಾ ಷರತ್ತಿನ ಜೊತೆ ಬಂದಾಗ ಮುಖ್ಯ ವಾಕ್ಯದಲ್ಲಿ ಸಹಾಯಕ ಕ್ರಿಯಾಪದ ಕರ್ತೃಪದಕ್ಕಿಂತ ಮುಂದೆ ಬರುತ್ತದೆ, ಪ್ರಶ್ನೆ ಕೇಳುವಾಗ ಬರುವ ಹಾಗೆ. ಇದಕ್ಕೆ ವ್ಯತ್ಯಸ್ತ ಪದಕ್ರಮ ಎಂದು ಹೆಸರು. ‘ಆಗಷ್ಟೇ ನನಗೆ ಅರ್ಥವಾಯಿತು’ ಎಂಬುದು ‘ಓನ್ಲಿ ದೆನ್ ಡಿಡ್ ಐ ಅಂಡರ್‌ಸ್ಟ್ಯಾಂಡ್’ ಆಗುತ್ತದೆ. ಸಹಾಯಕ ಕ್ರಿಯಾಪದ ಇಲ್ಲದಿದ್ದರೆ ‘ಡೂ, ಡಸ್, ಡಿಡ್’ ತರಬೇಕು, ಆಗ ಮುಖ್ಯ ಕ್ರಿಯಾಪದ ಮೂಲರೂಪಕ್ಕೆ ಮರಳುತ್ತದೆ. ‘ಡಿಡ್ ಐ ಅಂಡರ್‌ಸ್ಟುಡ್’ ಎಂಬುದು ತಪ್ಪು.

ಪರೀಕ್ಷೆ ಬರೆಯುವವರು ತಪ್ಪುವುದು ಎರಡು ವಾಕ್ಯಖಂಡಗಳಿದ್ದಾಗ. ‘ಆದೇಶ ಓದಿದ ಮೇಲಷ್ಟೇ ಅವರು ಸಹಿ ಹಾಕಿದರು’ ಎಂಬುದಕ್ಕೆ ‘ಓನ್ಲಿ ಆಫ್ಟರ್ ಹಿ ಹ್ಯಾಡ್ ರೆಡ್ ದ ಆರ್ಡರ್ ಡಿಡ್ ಹಿ ಸೈನ್ ಇಟ್’ ಎಂದು ಬರೆಯಬೇಕು. ಅದಲುಬದಲು ನಡೆಯುವುದು ಎರಡನೆಯ, ಮುಖ್ಯವಾದ ಖಂಡದಲ್ಲಿ. ‘ಓನ್ಲಿ ಆಫ್ಟರ್’ ಪಕ್ಕದ ಖಂಡ ಇದ್ದ ಹಾಗೇ ಇರುತ್ತದೆ. ಉತ್ತರ ಬರೆದ ಮೇಲೆ ‘ಓನ್ಲಿ’ ಇರುವ ಖಂಡವನ್ನು ಬೆರಳಿನಿಂದ ಮುಚ್ಚಿ, ಉಳಿದದ್ದು ಪ್ರಶ್ನೆಯಂತೆ ಓದಿಸಿಕೊಳ್ಳುತ್ತದೆಯೇ ನೋಡಿ: ‘ಡಿಡ್ ಹಿ ಸೈನ್ ಇಟ್’. ಓದಿಸಿಕೊಂಡರೆ ಸರಿಯಿದೆ.

‘ಓನ್ಲಿ’ ಕರ್ತೃಪದಕ್ಕೇ ಸೇರಿದ್ದರೆ ಈ ಬದಲಾವಣೆ ಬೇಡ. ‘ಓನ್ಲಿ ಲತಾ ನೋಸ್ ದ ಆನ್ಸರ್’ ಎಂಬುದು ಹಾಗೆಯೇ ಸರಿ.

ಇದೇ ಕುಟುಂಬಕ್ಕೆ ಸೇರಿದ್ದು ‘ನಾಟ್ ಓನ್ಲಿ... ಬಟ್ ಆಲ್ಸೋ’, ನಮ್ಮ ‘ಅಷ್ಟೇ ಅಲ್ಲದೆ... ಕೂಡ’. ಎರಡು ಬದಿಯಲ್ಲೂ ಒಂದೇ ಜಾತಿಯ ಪದ ಬರಲಿ. ‘ಶಿ ಸ್ಪೀಕ್ಸ್ ನಾಟ್ ಓನ್ಲಿ ಕನ್ನಡ ಬಟ್ ಆಲ್ಸೋ ತುಳು’ ಎಂದಾಗ ಎರಡು ಕಡೆಯೂ ಭಾಷೆಯ ಹೆಸರೇ ಇದೆ. ‘ಶಿ ನಾಟ್ ಓನ್ಲಿ ಸ್ಪೀಕ್ಸ್ ಕನ್ನಡ ಬಟ್ ಆಲ್ಸೋ ತುಳು’ ಎಂದರೆ ಒಂದು ಕಡೆ ಕ್ರಿಯಾಪದ, ಇನ್ನೊಂದು ಕಡೆ ಹೆಸರು. ಮಾತಿನಲ್ಲಿ ಇದು ನಡೆದುಹೋಗುತ್ತದೆ, ಬರವಣಿಗೆಯಲ್ಲಿ ಅಂಕ ಕಳೆಯುತ್ತದೆ.

ಹಂತ 7: ‘ಇಫ್’ ಜೊತೆಗೆ ಬಂದರೆ ಯಾವುದು ಮೊದಲು ಎಂದು ನೋಡಿ

‘ಓನ್ಲಿ ಇಫ್’ ಎಂಬುದು ‘ಇದ್ದರೆ ಮಾತ್ರ’. ‘ಯು ಕ್ಯಾನ್ ಅಪ್ಲೈ ಓನ್ಲಿ ಇಫ್ ಯು ಹ್ಯಾವ್ ಎ ಡಿಗ್ರಿ’ ಎಂದರೆ ಪದವಿಯಿಲ್ಲದವರು ಅರ್ಜಿ ಹಾಕುವಂತಿಲ್ಲ. ಪದವಿ ಇದ್ದವರೆಲ್ಲರೂ ಹಾಕಬಹುದು ಎಂದು ಆ ವಾಕ್ಯ ಹೇಳುತ್ತಿಲ್ಲ. ವಯಸ್ಸು ಮುಂತಾದ ಬೇರೆ ಷರತ್ತುಗಳೂ ಇರಬಹುದು. ಅರ್ಜಿ ಪ್ರಕಟಣೆಗಳನ್ನು ಓದುವವರು ಈ ಸೂಕ್ಷ್ಮವನ್ನು ಗಮನಿಸಬೇಕು. ಗಣಿತದಲ್ಲಿ ‘ಇಫ್ ಆಂಡ್ ಓನ್ಲಿ ಇಫ್’ ಎಂದು ಎರಡನ್ನೂ ಸೇರಿಸಿ ಬರೆಯುವುದು ಎರಡೂ ದಿಕ್ಕಿನಲ್ಲಿ ನಿಜ ಎಂದು ಸಾರುವುದಕ್ಕಾಗಿಯೇ.

ತಿರುಗಿಸಿ ‘ಇಫ್ ಓನ್ಲಿ’ ಎಂದರೆ ಷರತ್ತು ಹೋಗಿ ಹಂಬಲ ಬರುತ್ತದೆ. ‘ಇಫ್ ಓನ್ಲಿ ಐ ಹ್ಯಾಡ್ ರೆಡ್ ದ ನೋಟಿಸ್’ ಎಂದರೆ ‘ಆ ಸೂಚನೆಯನ್ನು ನಾನು ಓದಿದ್ದಿದ್ದರೆ!’ ಎಂಬ ಕೊರಗು.

ಇನ್ನು ಕೆಲವು ಜೋಡಿಗಳನ್ನು ಹಾಗೆಯೇ ಕಲಿತುಬಿಡುವುದು ಒಳ್ಳೆಯದು. ‘ಓನ್ಲಿ ಜಸ್ಟ್’ ಎಂದರೆ ಈಗಷ್ಟೇ, ಅಥವಾ ಸ್ವಲ್ಪದರಲ್ಲಿ. ‘ಓನ್ಲಿ ಟೂ ಗ್ಲಾಡ್’ ಎಂದರೆ ತುಂಬ ಸಂತೋಷದಿಂದ. ಇಲ್ಲಿ ಕಡಿಮೆ ಎಂಬ ಅರ್ಥ ಸ್ವಲ್ಪವೂ ಇಲ್ಲ. ‘ಹಿ ರಾನ್ ಟು ದ ಸ್ಟೇಷನ್, ಓನ್ಲಿ ಟು ಫೈಂಡ್ ದಟ್ ದ ಟ್ರೇನ್ ಹ್ಯಾಡ್ ಲೆಫ್ಟ್’ ಎಂಬಲ್ಲಿ ‘ಓನ್ಲಿ ಟು’ ನಿರೀಕ್ಷೆ ಹುಸಿಯಾದುದನ್ನು ಹೇಳುತ್ತದೆ: ಓಡೋಡಿ ಹೋದರೆ ರೈಲು ಹೊರಟುಹೋಗಿತ್ತು. ‘ಜಸ್ಟ್ ಓನ್ಲಿ ಟೆನ್ ರುಪೀಸ್’ ಎಂದು ಒಂದೇ ಅರ್ಥಕ್ಕೆ ಎರಡು ಪದ ಪೇರಿಸುವುದನ್ನು ಬಿಡಿ, ಯಾವುದಾದರೂ ಒಂದು ಸಾಕು.

ಹಂತ 8: ನಿಮ್ಮ ಪತ್ರವನ್ನು ತಿದ್ದಿ

ಈಗ ಪೆನ್ಸಿಲ್ ಗುರುತುಗಳಿಗೆ ಮರಳಿ. ಅಭ್ಯಾಸಕ್ಕಾಗಿ ಒಂದು ಕಚೇರಿ ಪತ್ರವನ್ನು ಇಲ್ಲಿ ಕಟ್ಟಿಕೊಟ್ಟಿದ್ದೇನೆ. ಇದರಲ್ಲಿರುವ ನಾಲ್ಕು ‘ಓನ್ಲಿ’ಗಳಲ್ಲಿ ಎಷ್ಟು ಉಳಿಯುತ್ತವೆ ಎಂದು ಮೊದಲು ನೀವೇ ನಿರ್ಧರಿಸಿ, ಆಮೇಲೆ ಮುಂದೆ ಓದಿ.

“ಸರ್, ಐ ಸಬ್ಮಿಟೆಡ್ ದ ಬಿಲ್ ಲಾಸ್ಟ್ ವೀಕ್ ಓನ್ಲಿ. ದ ಅಕೌಂಟ್ಸ್ ಸೆಕ್ಷನ್ ಓನ್ಲಿ ಆಸ್ಕ್ಡ್ ಮಿ ಟು ವೇಟ್. ಐ ಡಿಡ್ ನಾಟ್ ಗೆಟ್ ಎನಿ ರಿಪ್ಲೈ ಓನ್ಲಿ. ಐ ಕ್ಯಾನ್ ಓನ್ಲಿ ಕಮ್ ಟು ದ ಆಫೀಸ್ ಆನ್ ಫ್ರೈಡೇ.”

ಮೊದಲನೆಯದು ‘ಹೋದ ವಾರವೇ’ ಎಂಬ ಒತ್ತು. ಇಂಗ್ಲಿಷ್ ಓದುಗರು ಅದನ್ನು ‘ಹೋದ ವಾರವಷ್ಟೇ’ ಎಂದು ಓದಿ, ಹಾಗಾದರೆ ಇಷ್ಟು ಬೇಗ ದೂರು ಏಕೆ ಎಂದುಕೊಳ್ಳುತ್ತಾರೆ. ಆದ್ದರಿಂದ ಅದನ್ನು ತೆಗೆಯಬೇಕು. ಎರಡನೆಯದು ‘ಲೆಕ್ಕಪತ್ರ ವಿಭಾಗದವರೇ’ ಎಂಬ ಒತ್ತು. ‘ಓನ್ಲಿ ಆಸ್ಕ್ಡ್’ ಎಂದು ಜೋಡಿಸಿ ಓದಿದರೆ ಅವರು ಕೇಳಿಕೊಂಡರಷ್ಟೇ, ಒತ್ತಾಯಿಸಲಿಲ್ಲ ಎಂಬ ಅರ್ಥ ಹುಟ್ಟುತ್ತದೆ, ಹೀಗಾಗಿ ‘ಇಟ್ ವಾಸ್’ ರಚನೆ ಬೇಕು. ಮೂರನೆಯದು ನಿಷೇಧದ ‘ಏ’, ಅಲ್ಲಿ ‘ಅಟ್ ಆಲ್’ ಬರಬೇಕು. ನಾಲ್ಕನೆಯದು ನಿಜವಾದ ‘ಓನ್ಲಿ’. ಅದನ್ನು ಇರುವಲ್ಲೇ ಬಿಟ್ಟರೂ ವ್ಯಾಕರಣ ತಪ್ಪಲ್ಲ, ಆದರೆ ಭೇಟಿಯ ದಿನ ನಿಗದಿಯಾಗಬೇಕಾದ ಪತ್ರವಾದ್ದರಿಂದ ‘ಫ್ರೈಡೇ’ ಪಕ್ಕಕ್ಕೆ ಸರಿಸುವುದು ಒಳ್ಳೆಯದು.

“ಸರ್, ಐ ಸಬ್ಮಿಟೆಡ್ ದ ಬಿಲ್ ಲಾಸ್ಟ್ ವೀಕ್. ಇಟ್ ವಾಸ್ ದ ಅಕೌಂಟ್ಸ್ ಸೆಕ್ಷನ್ ದಟ್ ಆಸ್ಕ್ಡ್ ಮಿ ಟು ವೇಟ್. ಐ ಹ್ಯಾವ್ ನಾಟ್ ರಿಸೀವ್ಡ್ ಎನಿ ರಿಪ್ಲೈ ಅಟ್ ಆಲ್. ಐ ಕ್ಯಾನ್ ಕಮ್ ಟು ದ ಆಫೀಸ್ ಓನ್ಲಿ ಆನ್ ಫ್ರೈಡೇ.”

ಮೂರನೆಯ ವಾಕ್ಯದಲ್ಲಿ ‘ಡಿಡ್ ನಾಟ್ ಗೆಟ್’ ಹೋಗಿ ‘ಹ್ಯಾವ್ ನಾಟ್ ರಿಸೀವ್ಡ್’ ಬಂದಿರುವುದನ್ನೂ ಗಮನಿಸಿ. ಉತ್ತರ ಇವತ್ತಿನವರೆಗೂ ಬಂದಿಲ್ಲ, ಕಾಯುವುದು ಮುಗಿದಿಲ್ಲ ಎಂಬುದನ್ನು ಆ ಕಾಲರೂಪವೇ ಹೇಳುವುದರಿಂದ, ‘ಅಟ್ ಆಲ್’ ಖಾರವಾಯಿತು ಎನಿಸಿದರೆ ಅದನ್ನು ಬಿಟ್ಟರೂ ಪತ್ರದ ಬಲ ಕುಗ್ಗುವುದಿಲ್ಲ.